ತಂತ್ರಾಂಶದ ವಿಶ್ವಾಸಾರ್ಹತೆ: ಸಹಿ, ಸೋರ್ಸ್ ಕೋಡ್ ಮತ್ತು ಸ್ವತಂತ್ರ ತಾಳೆ

ತಂತ್ರಾಂಶವೊಂದು ಸುರಕ್ಷಿತವೆಂದು ಒಪ್ಪಲು ಸಾಮಾನ್ಯವಾಗಿ ಎರಡು ಆಧಾರಗಳನ್ನು ಮುಂದಿಡಲಾಗುತ್ತದೆ: ತಯಾರಕರ ಡಿಜಿಟಲ್ ಸಹಿ ಮತ್ತು ಯಾರು ಬೇಕಾದರೂ ಓದಬಹುದಾದ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರು ಬರೆದ ಮೂಲಪಠ್ಯ. ಇವೆರಡೂ ಅಗತ್ಯವೇ ಆದರೂ, ಆ ಮೂಲಪಠ್ಯದಿಂದ ಬಳಕೆದಾರರ ಗಣಕದಲ್ಲಿ ಓಡುವ ಕಡತದವರೆಗಿನ ಹಾದಿಯನ್ನು ಇತರರು ಸ್ವತಂತ್ರವಾಗಿ ತಾಳೆ ನೋಡಲಾಗದಿದ್ದರೆ ಅವು ಸಾಲವು ಎಂಬುದನ್ನು ಎರಡು ಪ್ರಕರಣಗಳ ಮೂಲಕ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಡತಕ್ಕೆ ಸಹಿ ಹಾಕಿದವರು ಯಾರು, ಅನಂತರ ಅದನ್ನು ಯಾರಾದರೂ ತಿದ್ದಿದ್ದಾರೆಯೇ ಎಂಬುದನ್ನಷ್ಟೇ ಡಿಜಿಟಲ್ ಸಹಿ ತಿಳಿಸುತ್ತದೆ. ಸಹಿಗೆ ಮುನ್ನ ಒಳಗೆ ಏನು ಸೇರಿತ್ತೆಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. 2020ರ ಡಿಸೆಂಬರಿನಲ್ಲಿ ಬಯಲಾದ ಅಮೆರಿಕದ ಸೋಲಾರ್‌ವಿಂಡ್ಸ್ ಕಂಪನಿಯ ಪ್ರಕರಣದಲ್ಲಿ ದಾಳಿಕೋರರು ಓರಿಯಾನ್ ಎಂಬ ತಂತ್ರಾಂಶವನ್ನು ಸಿದ್ಧಪಡಿಸುವ ಗಣಕವನ್ನೇ ಹೊಕ್ಕು, ಅದು ಕಂಪೈಲ್ ಆಗುವ, ಅಂದರೆ ಮೂಲಪಠ್ಯವು ಓಡುವ ಕಡತವಾಗಿ ಮಾರ್ಪಡುವ, ಹೊತ್ತಿಗೆ ಸರಿಯಾಗಿ ಒಂದು ಸೋರ್ಸ್ ಕಡತವನ್ನು ಬದಲಿಸಿ, ಕೆಲಸ ಮುಗಿದೊಡನೆ ಅಸಲಿ ಕಡತವನ್ನು ಮತ್ತೆ ಅಲ್ಲಿಯೇ ಇಡುತ್ತಿದ್ದರು. ಹೀಗೆ ದೂಷಿತವಾದ ಅಪ್‌ಡೇಟ್ ಕಂಪನಿಯ ಅಸಲಿ ಸಹಿಯೊಡನೆಯೇ ಸುಮಾರು 18,000 ಗ್ರಾಹಕರವರೆಗೆ ತಲುಪಿತೆಂದು ಅಂದಾಜಿಸಲಾಗಿದೆ.

ಸೋರ್ಸ್ ಕೋಡ್ ಮುಕ್ತವಾಗಿದ್ದರೂ ಅಪಾಯ ತಪ್ಪದೆಂಬುದಕ್ಕೆ ಲಿನಕ್ಸ್ ಲೋಕದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶವೇ ನಿದರ್ಶನ. ಎರಡು ವರ್ಷಗಳಿಗೂ ಹೆಚ್ಚು ಕಾಲ ಉಪಯುಕ್ತ ತಿದ್ದುಪಡಿಗಳನ್ನು ಕಳುಹಿಸುತ್ತ, ಆ ನಡುವೆ ನಿರ್ವಾಹಕನ ಸ್ಥಾನವನ್ನೂ ಗಳಿಸಿದ ಗುಪ್ತನಾಮದ ವ್ಯಕ್ತಿಯೊಬ್ಬ ಅದರ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು, ಅಂದರೆ ಅನಧಿಕೃತ ಪ್ರವೇಶದ ದಾರಿಯನ್ನು, ಅಡಗಿಸಿಟ್ಟನು. ಪರೀಕ್ಷೆಗೆಂದು ಸೇರಿಸಿದ ಕಡತಗಳಲ್ಲಿ ದುಷ್ಟ ಸಂಕೇತವಿತ್ತು. ಅದನ್ನು ಹೊರತೆಗೆದು ಚಾಲನೆಗೊಳಿಸುವ ಸಾಲುಗಳಾದರೋ ಎಲ್ಲರೂ ಓದುವ ಗಿಟ್ ಭಂಡಾರದಲ್ಲಿರದೆ, ಬಿಡುಗಡೆಗಾಗಿ ಕಟ್ಟಿದ ಸಂಪುಟದಲ್ಲಿ ಮಾತ್ರ ಇದ್ದವು. ದೂರದ ಗಣಕಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡಿನ ವಿಳಂಬವನ್ನು ಗಮನಿಸಿದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ 2024ರ ಮಾರ್ಚ್ 29ರಂದು ಇದನ್ನು ಬಹಿರಂಗಪಡಿಸಿದರು.

ಡೆಬಿಯನ್ ಮೊದಲಾದ ಯೋಜನೆಗಳು ಬೆಳೆಸುತ್ತಿರುವ ಪುನರುತ್ಪಾದ್ಯ ನಿರ್ಮಾಣವೆಂಬ ಕ್ರಮ ಇಲ್ಲಿ ಮುಖ್ಯವಾಗುತ್ತದೆ. ಒಂದೇ ಸೋರ್ಸ್ ಕೋಡನ್ನು ನಿಗದಿತ ಪರಿಸರದಲ್ಲಿ ಯಾರು ಕಂಪೈಲ್ ಮಾಡಿದರೂ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಒಂದೇ ಕಡತ ದೊರೆಯುವಂತೆ, ದಿನಾಂಕ, ಫೋಲ್ಡರಿನ ಹೆಸರು, ಕಡತಗಳ ಅನುಕ್ರಮ ಮುಂತಾದವುಗಳಿಂದಾಗುವ ವ್ಯತ್ಯಾಸಗಳನ್ನು ಇದರಲ್ಲಿ ನಿವಾರಿಸಲಾಗುತ್ತದೆ. ಓರಿಯಾನ್‌ನಂಥ ಪ್ರಕರಣವನ್ನು ಹೀಗೆ ಬೇರೆ ಬೇರೆಯವರು ಪಡೆದ ಕಡತಗಳನ್ನು ಹೋಲಿಸುವ ತಾಳೆ ಬಯಲಿಗೆಳೆಯಬಲ್ಲದು. ಎಕ್ಸ್‌ಝಡ್‌ನಲ್ಲಿ ಸಂಪುಟವೇ ದೂಷಿತವಾಗಿದ್ದುದರಿಂದ, ಅದನ್ನು ಗಿಟ್ ಭಂಡಾರದೊಡನೆ ಹೋಲಿಸುವ ಇನ್ನೊಂದು ತಾಳೆಯೂ ಬೇಕಾಗುತ್ತಿತ್ತು. ಇಷ್ಟಾದರೂ, ಕಂಪೈಲರೇ ಕೆಟ್ಟಿದ್ದರೆ ಶುದ್ಧ ಮೂಲಪಠ್ಯದಿಂದಲೂ ದುಷ್ಟ ಕಡತ ಹುಟ್ಟಬಹುದೆಂದು ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ತೋರಿಸಿದ್ದರು. ಕಂಪೈಲರನ್ನು ಬೇರೊಂದು ಕಂಪೈಲರಿನ ನೆರವಿನಿಂದ ಮರುನಿರ್ಮಿಸಿ ಹೋಲಿಸುವ ಡೇವಿಡ್ ವೀಲರ್ ಅವರ ವಿಧಾನ ಆ ಆಕ್ಷೇಪಕ್ಕೆ ಒಂದು ಉತ್ತರ.

ಆದುದರಿಂದ ತಯಾರಕರ ಕೀರ್ತಿ ಅಥವಾ ಕೋಡಿನ ಮುಕ್ತತೆಗಿಂತ, ನಿರ್ಮಾಣದ ಯಾವ ಯಾವ ಹಂತವನ್ನು ಪರಸ್ಪರ ಸಂಬಂಧವಿಲ್ಲದ ಎಷ್ಟು ಮಂದಿ ತಾಳೆ ನೋಡಿದ್ದಾರೆ ಎಂಬುದೇ ಹೆಚ್ಚು ಗಟ್ಟಿಯಾದ ಮಾನದಂಡವಾಗುತ್ತದೆ. ಸಾಮಾನ್ಯ ಬಳಕೆದಾರರು ಈ ಪರೀಕ್ಷೆಯನ್ನು ತಾವೇ ನಡೆಸಲಾರರಾದರೂ, ಅದರ ಫಲಿತಾಂಶವನ್ನು ಪ್ರಕಟಿಸುವಂತೆ ತಂತ್ರಾಂಶ ಖರೀದಿಸುವ ಸರ್ಕಾರ ಮತ್ತು ಸಂಸ್ಥೆಗಳು ಟೆಂಡರಿನಲ್ಲಿಯೇ ಷರತ್ತು ವಿಧಿಸಬಹುದು.