ಶಿಲೆಯಿಂದ ಬಿಂದುವಿಗೆ: ಗಣಕದ ಪರದೆ ಮತ್ತು ಮುದ್ರಕಗಳಲ್ಲಿ ಕನ್ನಡ ಲಿಪಿ

ಕನ್ನಡ ಲಿಪಿಯ ಚರಿತ್ರೆಯನ್ನು ಬರೆದ ವಿದ್ವಾಂಸರು ಶಾಸನ, ಓಲೆಗರಿ, ಕಡತ, ಅಚ್ಚುಮೊಳೆ ಎಂಬ ಕ್ರಮದಲ್ಲಿ ಅದರ ಬೆಳವಣಿಗೆಯನ್ನು ನಿರೂಪಿಸಿದ್ದಾರೆ. ಈ ಸಾಲಿಗೆ ಗಣಕಯಂತ್ರದ ಪರದೆಯನ್ನೂ ಮುದ್ರಕವನ್ನೂ ಸೇರಿಸತಕ್ಕ ಕಾಲ ಬಂದಿದೆ. ಇವೆರಡೂ ಅಕ್ಷರವನ್ನು ಮೂಡಿಸುವ ಬಗೆ ಯಾವುದು, ಕನ್ನಡವು ಅವುಗಳಿಗೆ ಹೇಗೆ ಹೊಂದಿಕೊಂಡಿತು, ಆ ಹೊಂದಾಣಿಕೆಯಿಂದ ನಮ್ಮ ಸಂಶೋಧನೆಗೆ ಒದಗಿದ ಅಪಾಯವೇನು ಎಂಬುದನ್ನು ಪ್ರಕೃತ ಲೇಖನದಲ್ಲಿ ಸಂಗ್ರಹವಾಗಿ ವಿಚಾರಿಸುತ್ತೇವೆ.

ಅಮೀನಗಡದ ಪರಿಸರದಿಂದ ಈ ವಿಚಾರವನ್ನು ಆರಂಭಿಸುವುದು ಉಚಿತವೆಂದು ನಮಗೆ ತೋರುತ್ತದೆ. ಆಕೃತಿಯನ್ನು ಮೂಡಿಸುವ ಎರಡು ಭಿನ್ನ ಮಾರ್ಗಗಳಿಗೆ ಈ ಊರಿನ ಎರಡು ಮಗ್ಗುಲಲ್ಲಿ ನಿದರ್ಶನಗಳು ದೊರೆಯುತ್ತವೆ. ನೈಋತ್ಯಕ್ಕೆ ಐಹೊಳೆ. ಅಲ್ಲಿಯ ಮೇಗುಟಿ ಜಿನಾಲಯದಲ್ಲಿ ಇಮ್ಮಡಿ ಪುಲಕೇಶಿಯನ್ನು ಹೊಗಳುವ ರವಿಕೀರ್ತಿಯ ಪ್ರಶಸ್ತಿಯಿದೆ. ಅದರ ಕಾಲ ಶಕ ೫೫೬, ಎಂದರೆ ಕ್ರಿ.ಶ. ೬೩೪-೩೫, ಭಾಷೆ ಸಂಸ್ಕೃತ, ಲಿಪಿ ಆ ಕಾಲದ ಕನ್ನಡ. ಅಲ್ಲಿ ಉಳಿಯು ಅಕ್ಷರದ ರೇಖೆಯನ್ನೇ ಹಿಡಿದು ನಡೆದಿದೆ. ರೇಖೆ ಬಾಗಿದಲ್ಲಿ ಉಳಿಯೂ ಬಾಗಿದೆ. ಆಗ್ನೇಯಕ್ಕೆ ಇಳಕಲ್ಲು. ಅಲ್ಲಿಯ ಸೀರೆಯ ಮೇಲೆ ಕಸೂತಿ ಹಾಕುವ ಹೆಂಗಸರು ಬಟ್ಟೆಯ ಎಳೆಗಳನ್ನು ಎಣಿಸಿಕೊಂಡು ತೇರು, ಗೋಪುರ, ತುಳಸಿವೃಂದಾವನಗಳನ್ನು ಮೂಡಿಸುತ್ತಾರೆ. ಇಲ್ಲಿ ನಿಜವಾದ ಬಾಗುಗೆರೆಯೆಂಬುದಿಲ್ಲ. ಎಣಿಕೆಗೆ ಸಿಕ್ಕ ಚಿಕ್ಕ ಚಿಕ್ಕ ಹೊಲಿಗೆಗಳು ಮೆಟ್ಟಿಲುಮೆಟ್ಟಿಲಾಗಿ ಸೇರಿ, ದೂರದಿಂದ ನೋಡುವ ಕಣ್ಣಿಗೆ ಆಕೃತಿಯೆನಿಸುತ್ತವೆ. ಗಣಕದ ಪರದೆಯೂ ಮುದ್ರಕವೂ ಈ ಎರಡನೆಯ ಮಾರ್ಗಕ್ಕೆ ಸೇರಿದುವು. ಅವಕ್ಕೆ ಅಕ್ಷರ ತಿಳಿಯದು. ಬಿಂದು ಮಾತ್ರ ತಿಳಿಯುತ್ತದೆ.

ಮೊದಲು ಪರದೆಯ ವಿಚಾರ. ೧೮೯೭ರಲ್ಲಿ ಜರ್ಮನಿಯ ಫರ್ಡಿನಂಡ್ ಬ್ರೌನ್ ನಿರ್ಮಿಸಿದ ಕ್ಯಾಥೋಡ್ ಕಿರಣನಳಿಕೆಯೇ ಹಳೆಯ ಪರದೆಗಳಿಗೆ ಮೂಲ. ನಳಿಕೆಯ ಹಿಂತುದಿಯಿಂದ ಹೊರಟ ಎಲೆಕ್ಟ್ರಾನುಗಳ ಧಾರೆಯು ಗಾಜಿನ ಒಳಮೈಯ ಲೇಪಕ್ಕೆ ತಾಗಿದಲ್ಲಿ ಬೆಳಕು ಹುಟ್ಟುತ್ತದೆ. ಈ ಧಾರೆ ಎಡದಿಂದ ಬಲಕ್ಕೆ ಒಂದು ಗೆರೆ, ಅದರ ಕೆಳಗೆ ಮತ್ತೊಂದು ಗೆರೆ ಎಂಬಂತೆ ಇಡೀ ಪರದೆಯನ್ನು ಸೆಕೆಂಡಿಗೆ ಐವತ್ತು ಅರವತ್ತು ಸಲ ಉತ್ತುಬರುವುದರಿಂದ ನಮಗೆ ನಿಶ್ಚಲವಾದ ಚಿತ್ರವಿರುವಂತೆ ಭಾಸವಾಗುತ್ತದೆ. ಅನಂತರ ಬಂದ ದ್ರವಸ್ಫಟಿಕದ ಪರದೆಯಲ್ಲಿ ಧಾರೆಯಿಲ್ಲ. ಹಿಂಬದಿಯ ಬೆಳಕನ್ನು ಒಂದೊಂದು ಬಿಂದುವಿನಲ್ಲಿಯೂ ಬಿಡುವ ಅಥವಾ ತಡೆಯುವ ಕೆಲಸವನ್ನು ಎರಡು ಧ್ರುವೀಕರಣ ಫಲಕಗಳ ನಡುವಿನ ಸ್ಫಟಿಕದ್ರವವು ವಿದ್ಯುತ್ತಿಗೆ ಅಧೀನವಾಗಿ ಮಾಡುತ್ತದೆ. ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳುಳ್ಳ ಪರದೆಯಲ್ಲಿ ಒಟ್ಟು ೨೦,೭೩,೬೦೦ ಬಿಂದುಗಳಿವೆ; ಪ್ರತಿಯೊಂದರಲ್ಲಿಯೂ ಕೆಂಪು, ಹಸುರು, ನೀಲಿ ಎಂಬ ಮೂರು ಭಾಗಗಳು.

ಮುದ್ರಕದ ತತ್ತ್ವವೂ ಇದೇ. ಬಿಂದುಮುದ್ರಕದಲ್ಲಿ ನೆಟ್ಟಗೆ ಜೋಡಿಸಿದ ಒಂಬತ್ತು ಸೂಜಿಗಳು, ಮುಂದೆ ಇಪ್ಪತ್ತುನಾಲ್ಕು ಸೂಜಿಗಳು, ವಿದ್ಯುತ್ಕಾಂತದ ಬಲದಿಂದ ಮಸಿಪಟ್ಟಿಯನ್ನು ಕಾಗದಕ್ಕೆ ಕುಟ್ಟುತ್ತವೆ. ಲೇಸರ್ ಮುದ್ರಕದಲ್ಲಿ ಕುಟ್ಟುವುದಿಲ್ಲ. ವಿದ್ಯುದಾವೇಶವನ್ನು ಪಡೆದ ಉರುಳೆಯ ಮೇಲೆ ಲೇಸರ್ ಕಿರಣ ಬಿದ್ದ ಬಿಂದುಗಳಲ್ಲಿ ಆವೇಶ ಇಳಿಯುತ್ತದೆ. ಆ ಬಿಂದುಗಳಿಗೆ ಮಸಿಪುಡಿ ಅಂಟುತ್ತದೆ. ಕಾಗದಕ್ಕೆ ಇಳಿದ ಪುಡಿಯನ್ನು ಕಾವು ಕರಗಿಸಿ ಕಚ್ಚಿಸುತ್ತದೆ. ಇದಕ್ಕೆ ಆಧಾರವಾದ ಒಣಮುದ್ರಣವನ್ನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ೧೯೩೮ರಲ್ಲಿ ಸಾಧಿಸಿ ತೋರಿಸಿದನು. ಗ್ಯಾರಿ ಸ್ಟಾರ್ಕ್‌ವೆದರನು ಅದಕ್ಕೆ ಲೇಸರನ್ನು ಹೊಂದಿಸಿದ ಫಲವಾಗಿ ೧೯೭೭ರಲ್ಲಿ ಜೆರಾಕ್ಸ್ ಸಂಸ್ಥೆಯ ೯೭೦೦ ಎಂಬ ಮುದ್ರಕ ಹೊರಬಂತು. ಅಂಗುಲಕ್ಕೆ ೩೦೦ ಬಿಂದುಗಳಂತೆ ಮುದ್ರಿಸುವಾಗ ಎ-೪ ಅಳತೆಯ ಒಂದು ಹಾಳೆಯಲ್ಲಿ ಸುಮಾರು ೮೭ ಲಕ್ಷ ಬಿಂದುಸ್ಥಾನಗಳಾಗುತ್ತವೆ. ಮೆಟ್ಟಿಲುಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ, ಕಸೂತಿಯ ಮಾರ್ಗವು ಉಳಿಯ ರೇಖೆಯನ್ನು ಸರಿಗಟ್ಟುವುದು ಹೀಗೆ.

ರೋಮನ್ ಲಿಪಿಗೆ ಈ ವ್ಯವಸ್ಥೆ ಸುಲಭವಾಗಿ ಒಗ್ಗಿತು. ೧೯೮೧ರ ಐಬಿಎಂ ಗಣಕದ ಪರದೆಯಲ್ಲಿ ಸಾಲಿಗೆ ೮೦ ಅಕ್ಷರಗಳಂತೆ ೨೫ ಸಾಲುಗಳಿದ್ದುವು. ಅದರ ಬಣ್ಣದ ಪರದೆಯಲ್ಲಿ ಒಂದು ಅಕ್ಷರಕ್ಕೆ ದೊರೆಯುತ್ತಿದ್ದುದು ಎಂಟು ಬಿಂದು ಅಗಲ, ಎಂಟು ಬಿಂದು ಎತ್ತರದ ಮನೆ. ಯಂತ್ರದಲ್ಲಿ ಸಿದ್ಧವಾಗಿದ್ದ ಆಕೃತಿಗಳು ೨೫೬. ಕನ್ನಡದ ಮೂವತ್ತನಾಲ್ಕು ವ್ಯಂಜನಗಳ ಕಾಗುಣಿತವೇ ನಾನ್ನೂರನ್ನು ಮೀರುತ್ತದೆ. ಒತ್ತಕ್ಷರಗಳನ್ನು ಸೇರಿಸಿದರೆ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. ಅಲ್ಲದೆ ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಎರಡು ಒತ್ತು, ಬಲಕ್ಕೆ ದೀರ್ಘ. ಎಂಟು ಬಿಂದುಗಳ ಮನೆಯಲ್ಲಿ ಈ ಸಂಸಾರ ಹಿಡಿಸುವಂತಿರಲಿಲ್ಲ. ಒಂಬತ್ತು ಸೂಜಿಗಳ ಮುದ್ರಕವೂ ಕನ್ನಡದ ಒಂದು ಸಾಲನ್ನು ಒಂದೇ ಓಟದಲ್ಲಿ ಅಂದವಾಗಿ ಮುಗಿಸುವುದು ಕಷ್ಟವಾಗಿತ್ತು.

ಇಂತಹ ಇಕ್ಕಟ್ಟು ಕನ್ನಡಕ್ಕೆ ಹೊಸದಲ್ಲ. ೧೮೧೭ರಲ್ಲಿ ಶ್ರೀರಾಮಪುರದಿಂದ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೊರಬಂದಿತ್ತಾದರೂ, ೧೮೪೩ರಲ್ಲಿ ಮೋಗ್ಲಿಂಗನು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಬಳಸಿದ್ದು ಕಲ್ಲಚ್ಚನ್ನು, ಎಂದರೆ ಕೈಬರಹವನ್ನೇ ಕಲ್ಲಿಗಿಳಿಸಿ ಒತ್ತಿದ್ದು. ಮೊಳೆಯಚ್ಚು ನೆಲೆಗೊಂಡ ಮೇಲೆ ಅಕ್ಷರ, ಗುಣಿತ, ಒತ್ತುಗಳ ಮೊಳೆಗಳನ್ನು ಜೋಡಿಸುವ ಪದ್ಧತಿ ರೂಢಿಗೆ ಬಂತು. ಅಲ್ಲಿ ಮೊಳೆಯ ಕೆಲಸ ಆಕೃತಿಯನ್ನು ಕೊಡುವುದಷ್ಟೆ. ಪುಟ ಅಚ್ಚಾದ ಮೇಲೆ ಮೊಳೆಗಳು ಪೆಟ್ಟಿಗೆಗೆ ಮರಳುತ್ತಿದ್ದುವು. ಉಳಿಯುತ್ತಿದ್ದುದು ಕಾಗದ, ಓದುವವನು ಮನುಷ್ಯ. ಗಣಕದಲ್ಲಾದರೋ ಕಾಗದದ ಹಿಂದೆ ಇನ್ನೊಂದು ಪಾಠ ಉಳಿಯುತ್ತದೆ. ಅದು ಆಕೃತಿಯಲ್ಲ, ಸಂಖ್ಯೆಗಳ ಮಾಲೆ. ಈ ಭೇದವನ್ನು ಗಮನಿಸದೆ ಹೋದುದೇ ಮುಂದಿನ ತೊಡಕಿಗೆ ಕಾರಣವೆಂದು ನಮ್ಮ ಅಭಿಪ್ರಾಯ.

ಭೇದವನ್ನು ಅರಿತವರು ಇರಲಿಲ್ಲವೆಂದಲ್ಲ. ಕಾನ್ಪುರದ ಐಐಟಿಯಲ್ಲಿ ಮೊದಲಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ‘ಜಿಸ್ಟ್’ ಯೋಜನೆಯು ಗಣಕಕ್ಕೆ ಬೇರೊಂದು ಫಲಕವನ್ನು ಸೇರಿಸಿ ಭಾರತೀಯ ಲಿಪಿಗಳನ್ನು ಪರದೆಗೆ ತಂದಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ಒಂದೇ ವರ್ಣಕ್ರಮವೆಂಬ ತಿಳಿವಿನ ಮೇಲೆ ರೂಪುಗೊಂಡ ಇಸ್ಕಿ ಸಂಕೇತವನ್ನು ಭಾರತೀಯ ಮಾನಕ ಸಂಸ್ಥೆ ೧೯೯೧ರಲ್ಲಿ ಪ್ರಕಟಿಸಿತು. ಕೆ. ಪಿ. ರಾಯರು ಉಚ್ಚಾರಣೆಯ ಕ್ರಮವನ್ನೇ ಅನುಸರಿಸುವ ಕನ್ನಡ ಕೀಲಿಮಣೆಯನ್ನು ರೂಪಿಸಿದರು. ಆದರೆ ಪ್ರಚಾರಕ್ಕೆ ಬಂದ ಪದ್ಧತಿ ಬೇರೆ. ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಮನೆಮನೆಗೆ, ಕಚೇರಿಕಚೇರಿಗೆ ಬಂದುವು. ೧೯೯೮ರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ, ಇವುಗಳಿಂದ ಕನ್ನಡಕ್ಕಾದ ಉಪಕಾರ ದೊಡ್ಡದು. ಅದನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಆದರೂ ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವು ಸಂಗ್ರಹವಾಗುತ್ತಿದ್ದ ಬಗೆಯನ್ನು ನೋಡಬೇಕು. ತಲೆಕಟ್ಟಿಲ್ಲದ ‘ಕ’ ರೋಮನ್ ‘ಪಿ’ಯ ಸ್ಥಾನದಲ್ಲಿ; ತಲೆಕಟ್ಟು ಬೇರೆಯೇ ಒಂದು ಚಿಹ್ನೆ; ‘ನ’ಕಾರದ ಒಡಲು ಇಂಗ್ಲೆಂಡಿನ ಪೌಂಡು ನಾಣ್ಯದ ಗುರುತಿನ ಸ್ಥಾನದಲ್ಲಿ. ಆ ಫಾಂಟು ಇರುವವರೆಗೆ ಕಣ್ಣಿಗೆ ಕನ್ನಡ. ಅದು ತಪ್ಪಿದೊಡನೆ ಅರ್ಥವಿಲ್ಲದ ಗುರುತುಗಳ ರಾಶಿ.

೧೯೯೧ರಲ್ಲಿ ಪ್ರಕಟವಾದ ಯೂನಿಕೋಡು ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತು. ಸಾವಿರಾರು ಆಕೃತಿಗಳಿಗೆ ಇಷ್ಟು ಸಾಕಾದುದು ಹೇಗೆಂದರೆ, ಇಲ್ಲಿ ಸಂಕೇತವಿರುವುದು ಆಕೃತಿಗಲ್ಲ, ವರ್ಣಕ್ಕೆ. ‘ಸ್ತ್ರೀ’ ಎಂಬುದು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ಈಕಾರಚಿಹ್ನೆ ಎಂಬ ಆರು ಘಟಕಗಳು. ‘ಧರ್ಮ’ದಲ್ಲಿ ರಕಾರವು ಮಕಾರಕ್ಕಿಂತ ಮೊದಲೇ ಇರುತ್ತದೆ, ಅದನ್ನು ಅರ್ಕಾವೊತ್ತಾಗಿ ಮಕಾರದ ಬಲಕ್ಕೆ ಇಡುವುದು ಫಾಂಟಿನ ಕೆಲಸ. ೨೦೦೧ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಡನೆ ಈ ಕೆಲಸವನ್ನು ಸಾಮಾನ್ಯ ಗಣಕಗಳಿಗೆ ತಂದಿತು. ತುಂಡುಗಳ ಪದ್ಧತಿಯಲ್ಲಾದರೋ ಅರ್ಕಾವೊತ್ತು ಕಂಡಂತೆಯೇ ಮಕಾರದ ಅನಂತರ ನಿಲ್ಲುತ್ತದೆ. ಆದುದರಿಂದ ಅಲ್ಲಿ ಅಕಾರಾದಿ ಜೋಡಣೆಯೂ ಪದಶೋಧನೆಯೂ ನೇರವಾಗಿ ಸಾಗುವುದಿಲ್ಲ.

ಇದು ಯಂತ್ರಶಾಸ್ತ್ರಜ್ಞರ ಮನೆಯ ವಿಚಾರವೆಂದು ಚರಿತ್ರೆಯ ವಿದ್ಯಾರ್ಥಿಗಳು ಸುಮ್ಮನಿರಲಾಗದು. ೧೯೯೦ರಿಂದೀಚೆಗೆ ಸಿದ್ಧವಾದ ಎಷ್ಟೋ ಮಹಾಪ್ರಬಂಧಗಳೂ ಶಾಸನಪಾಠಗಳೂ ಗ್ರಾಮಚರಿತ್ರೆಗಳೂ ತುಂಡುಗಳ ಸಂಕೇತದಲ್ಲಿಯೇ ಇವೆ. ಮುದ್ರಿತ ಪ್ರತಿ ಸೊಗಸಾಗಿರುವುದರಿಂದ ಮೂಲವೂ ಸುರಕ್ಷಿತವೆಂಬ ಭ್ರಾಂತಿ ಹುಟ್ಟುತ್ತದೆ. ಪರಿವರ್ತಿಸುವ ಸಾಧನಗಳು ಇವೆ, ನಿಜ. ಆದರೆ ಶಾಸನಪಾಠಗಳಲ್ಲಿ ಬರುವ ಱಕಾರ, ೞಕಾರ, ವಿರಳವಾದ ಒತ್ತುಗಳು ಪರಿವರ್ತನೆಯಲ್ಲಿ ಕೆಡುವ ಸಂಭವವುಂಟು. ಲಿಪಿಕಾರನ ಸ್ಖಾಲಿತ್ಯವನ್ನು ಗ್ರಂಥಸಂಪಾದಕನು ಹೇಗೆ ಹುಡುಕುವನೋ ಹಾಗೆಯೇ ಇವನ್ನೂ ಮುದ್ರಿತ ಪ್ರತಿಯೊಡನೆ ಅಕ್ಷರಶಃ ಒಪ್ಪಿಟ್ಟು ತಿದ್ದಬೇಕು. ಹಳೆಯ ಫಾಂಟುಗಳೂ ಅವುಗಳನ್ನು ಬಲ್ಲವರೂ ದೊರೆಯುವ ಈ ಕಾಲದಲ್ಲಿಯೇ ಇದು ನಡೆಯತಕ್ಕುದು. ಪ್ರತಿ ಕಾಲೇಜಿನ ಕನ್ನಡ ಮತ್ತು ಇತಿಹಾಸ ವಿಭಾಗಗಳು ತಮ್ಮ ಸಂಗ್ರಹದಲ್ಲಿರುವ ಇಂತಹ ಬರಹಗಳ ಪಟ್ಟಿಯೊಂದನ್ನು ಮೊದಲು ಸಿದ್ಧಪಡಿಸಿದರೆ, ಉಳಿದ ಕೆಲಸವನ್ನು ವಿದ್ಯಾರ್ಥಿಗಳಿಗೆ ಗ್ರಂಥಸಂಪಾದನೆಯ ಅಭ್ಯಾಸವಾಗಿಯೇ ಹಂಚಿಕೊಡಬಹುದು.