ರಹೀಮ್ ಸಾಹೇಬರು: ಶಾಲೆಯ ಅಂಗಳದಿಂದ ಜಕಾರ್ತಾದವರೆಗೆ

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಅದರ ಕನ್ನಡ ಪ್ರದೇಶಗಳು ಮೈಸೂರು ರಾಜ್ಯವನ್ನು ಸೇರಿದುವು. ಈ ನಗರದಲ್ಲೇ ಉಳಿದ ನಮ್ಮ ಹಿರಿಯರು ಇದ್ದಲ್ಲಿಯೇ ಹೊರನಾಡಿನವರಾದರು. ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಡಿಸೆಂಬರ್ 1ರಂದು, ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡ ಆಸ್ಟ್ರೇಲಿಯವನ್ನು 4–2 ಗೋಲುಗಳಿಂದ ಸೋಲಿಸಿತು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಆ ತಂಡವನ್ನು ಹುರಿಗೊಳಿಸಿದವರು ಇದೇ ಊರಿನ ಒಬ್ಬ ಶಾಲಾ ಮಾಸ್ತರು, ಸೈಯದ್ ಅಬ್ದುಲ್ ರಹೀಮ್. ರಾಜ್ಯೋತ್ಸವದ ಈ ಶುಭದಿನ ಅವರನ್ನು ನೆನೆಯುವುದು ಅನುಚಿತವಾಗದೆಂದು ನಾವು ಭಾವಿಸುತ್ತೇವೆ.

1909ರಲ್ಲಿ ಹುಟ್ಟಿದ ರಹೀಮರು ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ಆದರೆ ಅವರಿಗೆ ಹೆಸರು ತಂದುದು ಆಟವಲ್ಲ, ಆಟವನ್ನು ಕಲಿಸುವ ವಿದ್ಯೆ. ಅವರು ಬೆಳೆಸಿದ ಹೈದರಾಬಾದ್ ನಗರ ಪೋಲೀಸ್ ತಂಡ 1950ರಿಂದ 1954ರವರೆಗೆ ಐದು ವರ್ಷ ಎಡೆಬಿಡದೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಚೆಂಡನ್ನು ಒಬ್ಬನೇ ಎಳೆದೊಯ್ಯದೆ ಕೂಡಲೇ ಸಂಗಡಿಗನಿಗೆ ಸಾಗಿಸಬೇಕೆಂಬ ಕಟ್ಟಳೆಯ ಪಂದ್ಯಗಳನ್ನು ಅವರು ಹುಡುಗರಿಗೆ ಏರ್ಪಡಿಸುತ್ತಿದ್ದರು. ಬಲಗಾಲಿನವನಿಗೆ ಎಡಗಾಲಿನ ಅಭ್ಯಾಸ ಮಾಡಿಸುತ್ತಿದ್ದರು.

1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ಶಿಷ್ಯರು ಇರಾನನ್ನು 1–0ಯಿಂದ ಮಣಿಸಿ ಚಿನ್ನ ಗಳಿಸಿದರು. ಮರುವರ್ಷವೇ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯದೆದುರು 10–1ರ ಘೋರ ಪರಾಜಯ! ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ನಮ್ಮ ಪಾಲಿನ ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನರೆಂಬುದನ್ನು ಕನ್ನಡಿಗರು ಮರೆಯಬಾರದು. ಲೆಕ್ಕದ ಪುಸ್ತಕದೊಡನೆ ದಿನ ಕಳೆಯುವ ನಮಗೆ ಒಂದು ಮಾತು ಗೊತ್ತು: ನಷ್ಟವನ್ನು ಮುಚ್ಚಿಟ್ಟವನು ಮುಳುಗುತ್ತಾನೆ, ಬರೆದಿಟ್ಟವನು ಚೇತರಿಸಿಕೊಳ್ಳುತ್ತಾನೆ. ರಹೀಮರು ಎರಡನೆಯ ಬಗೆಯವರು. ಬೂಟು ತೊಟ್ಟು, ಹೊಸ ವ್ಯೂಹಗಳನ್ನು ಕಲಿತ ತಂಡ ನಾಲ್ಕೇ ವರ್ಷಗಳಲ್ಲಿ ಮೆಲ್ಬೋರ್ನಿನಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು.

ಕಡೆಯ ಅಂಕ 1962ರ ಜಕಾರ್ತಾ. ಆಗಲೇ ರಹೀಮರ ದೇಹವನ್ನು ಕ್ಯಾನ್ಸರ್ ರೋಗ ಹೊಕ್ಕಿತ್ತು. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯ ನಮ್ಮನ್ನು 2–0ಯಿಂದ ಸೋಲಿಸಿತು. ಇಸ್ರೇಲ್ ಮತ್ತು ತೈವಾನುಗಳನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಅಲ್ಲಿಯ ಜನ ನಮ್ಮ ಮೇಲೆ ಮುನಿದಿದ್ದರು. ರಕ್ಷಣೆಯ ಆಟಗಾರ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು. ರಹೀಮರು ಅವರನ್ನು ಕೂರಿಸದೆ, ಮುನ್ಪಡೆಗೆ ಕಳುಹಿಸಿದರು! ಸೆಪ್ಟೆಂಬರ್ 4ರಂದು ಅದೇ ಕೊರಿಯದೆದುರು ಅಂತಿಮ ಪಂದ್ಯ. ಸುಮಾರು ಲಕ್ಷ ಮಂದಿಯ ಕೂಗಾಟದ ನಡುವೆ ಮೊದಲು ಪಿ. ಕೆ. ಬ್ಯಾನರ್ಜಿ, ಅನಂತರ ಅದೇ ಜರ್ನೈಲ್ ಸಿಂಗರು ಗೋಲು ಹೊಡೆದರು. 2–1ರಿಂದ ಚಿನ್ನ ನಮ್ಮದಾಯಿತು.

ಒಂದು ವರ್ಷ ತುಂಬುವ ಮೊದಲೇ, 1963ರ ಜೂನ್ 11ರಂದು, ರಹೀಮರು ತೀರಿಕೊಂಡರು. 2023ರ ಏಷ್ಯನ್ ಕೂಟದವರೆಗೂ ಆ ಚಿನ್ನ ಭಾರತಕ್ಕೆ ಮತ್ತೆ ದಕ್ಕಿಲ್ಲ.

ಗಡಿಗಳು ಬದಲಾದ ಆ ತಿಂಗಳಲ್ಲಿ ಬಂಗಾಳಿ, ತೆಲುಗು, ಉರ್ದು, ಕೊಂಕಣಿ ಮಾತಿನ ಹುಡುಗರನ್ನು ಒಂದೇ ಅಂಗಿಯಲ್ಲಿ ನಿಲ್ಲಿಸಿದವರು ಅವರು. ನಮ್ಮ ಮಕ್ಕಳಿಗೆ ಕನ್ನಡ ಕಲಿಸೋಣ, ಅದು ನಮ್ಮ ಕರ್ತವ್ಯ. ಅನ್ನ ಕೊಟ್ಟ ಊರಿನ ಈ ಮಾಸ್ತರರ ಹೆಸರನ್ನೂ ಕಲಿಸೋಣ, ಅದು ನಮ್ಮ ಋಣ.