ಪೆಟ್ಟು ಬಿದ್ದ ಮಂಡಿಯ ಮುಂದಿನ ಕಥೆ: ಸವೆತ ತಡೆಯುವ ಸಂಶೋಧನೆಯ ಚರಿತ್ರೆ

ವಯಸ್ಸಾದವರ ಮಂಡಿ ಸವೆತ ಯಾವ ದಿನ ಶುರುವಾಯಿತೆಂದು ಯಾರೂ ಹೇಳಲಾರರು. ಪೆಟ್ಟಿನಿಂದ ಬರುವ ಸವೆತದ ವಿಷಯ ಹಾಗಲ್ಲ. ಮೈದಾನದಲ್ಲಿ ಲಿಗಮೆಂಟ್ ಹರಿದ ದಿನ, ಬೈಕಿನಿಂದ ಬಿದ್ದು ಕೀಲಿನೊಳಗೆ ಮೂಳೆ ಒಡೆದ ದಿನ ಆಸ್ಪತ್ರೆಯ ಚೀಟಿಯಲ್ಲೇ ದಾಖಲಾಗಿರುತ್ತದೆ. ಸವೆತ ಕಾಣಿಸಿಕೊಳ್ಳುವುದು ಹತ್ತು ಹದಿನೈದು ವರ್ಷಗಳಾದ ಮೇಲೆ. ಇಷ್ಟು ಮೊದಲೇ ಸುಳಿವು ಕೊಡುವ ರೋಗವನ್ನು ತಡೆಯಲು ಇನ್ನೂ ಏಕೆ ಆಗಿಲ್ಲ? ಮುರಿದದ್ದನ್ನು ಸರಿಪಡಿಸಿದರೆ ರೋಗವನ್ನೂ ತಡೆದಂತೆ ಎಂಬ ನಂಬಿಕೆ ಬಹುಕಾಲ ದಾರಿಗೆ ಅಡ್ಡ ನಿಂತಿತ್ತು ಎಂಬುದು ಈ ಲೇಖನದ ವಾದ.

ಕೀಲಿನ ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಕೂಡಿಕೊಳ್ಳುವುದಿಲ್ಲ ಎಂಬುದು 1743ರಷ್ಟು ಹಿಂದೆಯೇ ಗೊತ್ತಿತ್ತು. ಆ ವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ಸಲ್ಲಿಸಿದ ಪ್ರಬಂಧದಲ್ಲಿ ವಿಲಿಯಂ ಹಂಟರ್ ಅದನ್ನು ಬರೆದಿದ್ದ. ಮೃದ್ವಸ್ಥಿಗೆ ರಕ್ತನಾಳವಿಲ್ಲ, ನರವೂ ಇಲ್ಲ. ಗಾಯವಾದರೆ ಅದು ನೋವಿನಿಂದ ಕೂಗುವುದೂ ಇಲ್ಲ, ತಾನಾಗಿ ಸರಿಹೋಗುವುದೂ ಇಲ್ಲ. ಆದರೂ ಶಸ್ತ್ರವೈದ್ಯರ ಕಣ್ಣು ಹೋದದ್ದು ಮಂಡಿಯೊಳಗೆ ಹರಿದು ಸಿಕ್ಕಿಕೊಳ್ಳುತ್ತಿದ್ದ ಮಿನಿಸ್ಕಸ್ ಎಂಬ ಮೆತ್ತೆಯ ಕಡೆಗೆ. 1883ರಲ್ಲಿ ಎಡಿನ್‌ಬರೋದ ಥಾಮಸ್ ಆನಂಡೇಲ್ ಒಬ್ಬ ಗಣಿ ಕಾರ್ಮಿಕನ ಮಿನಿಸ್ಕಸ್ಸನ್ನು ಹೊಲಿದು ಸ್ವಸ್ಥಾನಕ್ಕೆ ಕೂರಿಸಿದ. ಆದರೆ ಅವನ ದಾರಿ ಹಿಡಿದವರು ಕಡಿಮೆ. ಮಿನಿಸ್ಕಸ್ ಎಂದರೆ ಕಾಲಿನ ಯಾವುದೋ ಸ್ನಾಯುವಿನ ಕೆಲಸಕ್ಕೆ ಬಾರದ ಪಳೆಯುಳಿಕೆ ಎಂಬ ಶಸ್ತ್ರವೈದ್ಯ ಬ್ಲಾಂಡ್-ಸಟನ್‌ನ ಮಾತೇ ಗೆದ್ದಿತು. ಕೆಲಸಕ್ಕೆ ಬಾರದ್ದನ್ನು ತೆಗೆದುಹಾಕಲು ಯಾರು ಹಿಂಜರಿಯುತ್ತಾರೆ? ಇಪ್ಪತ್ತನೆಯ ಶತಮಾನದ ಬಹುಭಾಗ ಇಡೀ ಮಿನಿಸ್ಕಸ್ಸನ್ನೇ ಕಿತ್ತುಹಾಕುವುದು ವಾಡಿಕೆಯಾಗಿತ್ತು.

ಇದಕ್ಕೆ ತಿರುವು ಕೊಟ್ಟದ್ದು 1948ರಲ್ಲಿ ಬ್ರಿಟನ್ನಿನ ಟಿ. ಜೆ. ಫೇರ್‌ಬ್ಯಾಂಕ್ ಪ್ರಕಟಿಸಿದ ಪುಟ್ಟ ಪ್ರಬಂಧ. ಮಿನಿಸ್ಕಸ್ ತೆಗೆಸಿಕೊಂಡ 107 ಮಂದಿಯ ಎಕ್ಸ್‌ರೇಗಳನ್ನು ಅವನು ಪರಿಶೀಲಿಸಿದ. ಶಸ್ತ್ರಚಿಕಿತ್ಸೆಯಾಗಿ ಕೆಲವರಿಗೆ 3 ತಿಂಗಳಾಗಿತ್ತು, ಕೆಲವರಿಗೆ 14 ವರ್ಷ. ತೊಡೆಮೂಳೆಯ ಅಂಚಿನಲ್ಲಿ ಎದ್ದ ಏಣು, ಅದರ ದುಂಡುತುದಿ ಚಪ್ಪಟೆಯಾಗುವುದು, ಎರಡು ಮೂಳೆಗಳ ನಡುವಿನ ಸಂದು ಕಿರಿದಾಗುವುದು, ಈ ಮೂರು ಬದಲಾವಣೆ ಅವನಿಗೆ ಕಂಡವು. ಮಂಡಿಯ ಭಾರ ಹೊರುವುದರಲ್ಲಿ ಮಿನಿಸ್ಕಸ್ಸಿಗೆ ಪಾಲಿದೆ, ಅದನ್ನು ತೆಗೆದರೆ ಆ ಭಾರ ನೇರವಾಗಿ ಮೃದ್ವಸ್ಥಿಯ ಮೇಲೆ ಬೀಳುತ್ತದೆ ಎಂಬ ತರ್ಕಕ್ಕೆ ಅವನು ಬಂದ. ಆ ಚಿತ್ರಗಳು ಎಷ್ಟು ಸ್ಪಷ್ಟವಾಗಿದ್ದವೆಂದರೆ ಇಂದಿಗೂ ಅವನ್ನು ಫೇರ್‌ಬ್ಯಾಂಕ್ ಬದಲಾವಣೆಗಳೆಂದೇ ಕರೆಯುತ್ತಾರೆ. ಆದರೂ ಶಸ್ತ್ರವೈದ್ಯರು ಆ ವಾಡಿಕೆ ಬಿಡಲು ದಶಕಗಳು ಬೇಕಾದವು. ಹರಿದ ಚೂರನ್ನಷ್ಟೇ ತೆಗೆಯುವ ದುರ್ಬೀನು ಶಸ್ತ್ರಚಿಕಿತ್ಸೆಯನ್ನು ಟೋಕಿಯೋದಲ್ಲಿ ಮಸಾಕಿ ವತನಬೆ ಮಾಡಿದ್ದು 1962ರಲ್ಲಿ.

ಮಿನಿಸ್ಕಸ್ ತೆಗೆಸಿಕೊಂಡವರಷ್ಟೇ ಅಲ್ಲ, ಮಂಡಿಗೆ ಪೆಟ್ಟಾದವರಲ್ಲೂ ಸವೆತ ಹೆಚ್ಚೆಂಬ ಲೆಕ್ಕ ಸಿಕ್ಕಿದ್ದು ಬೇರೊಂದು ಕಡೆಯಿಂದ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ 1948ರಿಂದ 1964ರವರೆಗಿನ ತಂಡಗಳ ವೈದ್ಯಕೀಯ ವಿದ್ಯಾರ್ಥಿಗಳನ್ನು ಜೀವನವಿಡೀ ಹಿಂಬಾಲಿಸುವ ಅಧ್ಯಯನವೊಂದಿದೆ. ಅದರ ಮೂಲ ಉದ್ದೇಶ ಹೃದ್ರೋಗದ ಮುನ್ಸೂಚನೆ ಹುಡುಕುವುದು. ಅದೇ ದಾಖಲೆ ಮಂಡಿಯ ಕಥೆಯನ್ನೂ ಹೇಳಿತು. ಯೌವನದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡವರಲ್ಲಿ 65ನೇ ವಯಸ್ಸಿಗೆ ಶೇ. 13.9ರಷ್ಟು ಮಂದಿಗೆ ಮಂಡಿ ಸವೆತ ಬಂದಿತ್ತು, ಪೆಟ್ಟಾಗದವರಲ್ಲಿ ಶೇ. 6. ಇದು ಪ್ರಕಟವಾದದ್ದು 2000ದಲ್ಲಿ.

ಅಷ್ಟರಲ್ಲಿ ಪ್ರಯೋಗಾಲಯಗಳು ಬೇರೆ ದಿಕ್ಕಿಗೆ ಹೊರಟಿದ್ದವು. 1973ರಲ್ಲಿ ಪಾಂಡ್ ಮತ್ತು ನುಕಿ ನಾಯಿಗಳ ಮಂಡಿಯ ಮುಂಭಾಗದ ಅಡ್ಡ ಲಿಗಮೆಂಟನ್ನು, ಅಂದರೆ ಎಸಿಎಲ್ಲನ್ನು, ಕತ್ತರಿಸಿ ಮುಂದಿನ ಹಂತಗಳನ್ನು ಗಮನಿಸಿದರು. ರೋಗದ ಬೆಳವಣಿಗೆಯನ್ನು ಮೊದಲ ದಿನದಿಂದ ನೋಡುವುದು ಆಗ ಸಾಧ್ಯವಾಯಿತು. ಸ್ವೀಡನ್ನಿನ ಲುಂಡ್‌ನಲ್ಲಿ ಸ್ಟೀಫನ್ ಲೋಮಾಂಡರ್ ತಂಡ ಪೆಟ್ಟಾದ ಮನುಷ್ಯರ ಮಂಡಿಯ ನೀರನ್ನೇ ತೆಗೆದು ಪರೀಕ್ಷಿಸಿತು. ಮೃದ್ವಸ್ಥಿಯ ಹಂದರದಿಂದ ಕಳಚಿದ ಚೂರುಗಳು ಪೆಟ್ಟಾದ ಕೂಡಲೇ ಆ ನೀರಿನಲ್ಲಿ ಹೆಚ್ಚುತ್ತವೆ, ಅನಂತರವೂ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿಯುತ್ತವೆ. ಪೆಟ್ಟು ಕ್ಷಣದ್ದಾದರೂ ಒಳಗಿನ ಉರಿ ಆರುವುದಿಲ್ಲ.

ಹಾಗಾದರೆ ಲಿಗಮೆಂಟನ್ನು ಮತ್ತೆ ಕಟ್ಟಿದರೆ ಸಾಕೇ? ಲುಂಡ್ ತಂಡ 2004ರಲ್ಲಿ ಕೊಟ್ಟ ಉತ್ತರ ಎದೆ ಕುಗ್ಗಿಸುವಂಥದ್ದು. ಎಸಿಎಲ್ ಹರಿದು 12 ವರ್ಷವಾದ ಮಹಿಳಾ ಫುಟ್‌ಬಾಲ್ ಆಟಗಾರ್ತಿಯರಲ್ಲಿ 67 ಮಂದಿಯ ಎಕ್ಸ್‌ರೇ ತೆಗೆದಾಗ 34 ಮಂದಿಗೆ ಸವೆತವಿತ್ತು. ಅವರ ಸರಾಸರಿ ವಯಸ್ಸು 31. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದರಿಂದ ಅವರ ತೊಂದರೆಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬಳಿಕ ಸ್ವೀಡನ್ನಿನಲ್ಲೇ ನಡೆದ ಕ್ಯಾನನ್ ಪ್ರಯೋಗದಲ್ಲಿ 121 ಯುವಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಲಾಯಿತು. ಒಂದಕ್ಕೆ ಬೇಗನೆ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯಬಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ. ಐದು ವರ್ಷದ ಬಳಿಕ ಎಕ್ಸ್‌ರೇಯಲ್ಲಿ ಕಂಡ ಸವೆತದಲ್ಲೂ ಎರಡು ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ಶಸ್ತ್ರಚಿಕಿತ್ಸೆ ವ್ಯರ್ಥ ಎಂದು ಇದರ ಅರ್ಥವಲ್ಲ. ಮಂಡಿ ಜಾರದಂತೆ ಹಿಡಿಯುವುದು ಅದರ ಕೆಲಸ. ಸವೆತ ತಡೆಯುತ್ತದೆಂಬ ಭರವಸೆಯನ್ನು ಅದರ ಹೆಗಲಿಗೇರಿಸಿದವರು ನಾವು.

ಈಗಿನ ಪ್ರಯತ್ನವೆಲ್ಲ ಪೆಟ್ಟಾದ ಮೊದಲ ಗಂಟೆ, ದಿನಗಳ ಮೇಲೆ. ಅಯೋವಾ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪುಟ್ಟ ತಳಿಯ ಹಂದಿಗಳ ಕೀಲಿನ ಮೂಳೆ ಮುರಿದ ಬಳಿಕ ಎರಡು ಬಗೆಯ ಮದ್ದುಗಳನ್ನು ಕೀಲಿಗೇ ಕೊಟ್ಟಿತು: ಮೃದ್ವಸ್ಥಿ ಕೋಶಗಳ ಮೈಟೋಕಾಂಡ್ರಿಯಾವನ್ನು ಕೆಲಕಾಲ ತಡೆಹಿಡಿಯುವ ಅಮೋಬಾರ್ಬಿಟಲ್, ಇಲ್ಲವೇ ಉತ್ಕರ್ಷಣದ ಹಾನಿ ತಗ್ಗಿಸುವ ಎನ್-ಅಸಿಟೈಲ್‌ಸಿಸ್ಟೀನ್. ಆ ಹಂದಿಗಳಲ್ಲಿ ಸವೆತ ತಗ್ಗಿತು. ಮನುಷ್ಯರ ಮೇಲಿನ ಪ್ರಯೋಗಗಳು ತೀರಾ ಚಿಕ್ಕವು. 2012ರಲ್ಲಿ ವರ್ಜೀನಿಯಾ ಕ್ರಾಸ್ ತಂಡ ಉರಿಯೂತದ ಇಂಟರ್‌ಲ್ಯೂಕಿನ್-1ನ್ನು ತಡೆಯುವ ಮದ್ದನ್ನು ಎಸಿಎಲ್ ಹರಿದವರ ಮಂಡಿಗೆ ಚುಚ್ಚಿ ನೋಡಿತು. ಪ್ರಯೋಗದಲ್ಲಿದ್ದವರು 11 ಮಂದಿ. 2017ರಲ್ಲಿ ಲಾಟರ್‌ಮನ್ ತಂಡ ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಬಳಸಿದಾಗ ಮೃದ್ವಸ್ಥಿಯ ಕೊಲ್ಯಾಜನ್ ತುಂಡಾಗುವ ಗುರುತು ಅಷ್ಟಾಗಿ ಏರಲಿಲ್ಲ. ಆದರೆ ಗುರುತು ಏರಲಿಲ್ಲವೆಂದರೆ ಹದಿನೈದು ವರ್ಷದ ಬಳಿಕ ಮಂಡಿ ಉಳಿಯುತ್ತದೆಂದು ಅರ್ಥವೇ?

ನಿಜವಾದ ತೊಡಕು ಇಲ್ಲೇ ಇದೆ ಎಂದು ನನಗನ್ನಿಸುತ್ತದೆ. ಎಕ್ಸ್‌ರೇಯಲ್ಲಿ ವ್ಯತ್ಯಾಸ ತೋರಲು ದಶಕ ಕಾಯಬೇಕು; ಔಷಧದ ಪೇಟೆಂಟ್ ಬಾಳುವುದು 20 ವರ್ಷ, ಅದರ ಒಂದು ಪಾಲು ಪ್ರಯೋಗ ಶುರುವಾಗುವ ಮೊದಲೇ ಮುಗಿದಿರುತ್ತದೆ. ಅಂಥ ಪ್ರಯೋಗಕ್ಕೆ ಹಣ ಹೂಡಲು ಯಾವ ಕಂಪನಿ ಮುಂದೆ ಬಂದೀತು? ಹಾಗಾಗಿ ಮಂಡಿಯ ನೀರಿನ ಗುರುತುಗಳು, ಎಂಆರ್‌ಐ ಚಿತ್ರಗಳು ಇವೇ ಎರಡು ಮೂರು ವರ್ಷದೊಳಗೆ ತೀರ್ಪು ಕೊಡಬಲ್ಲವೇ ಎಂದು ಅಳೆಯುವ ಕೆಲಸ ನಡೆದಿದೆ. ಈ ನಡುವೆ ಲೆಕ್ಕಕ್ಕೆ ಸಿಕ್ಕ ಗೆಲುವು ಮೈದಾನದಿಂದ ಬಂದದ್ದು. ನಾರ್ವೆಯಲ್ಲಿ 15ರಿಂದ 17 ವರ್ಷದ 1,837 ಹ್ಯಾಂಡ್‌ಬಾಲ್ ಆಟಗಾರರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜಿಗಿದು ಇಳಿಯುವ, ಸಮತೋಲನ ಕಾಯುವ ಕಸರತ್ತುಗಳನ್ನು ಅಭ್ಯಾಸಕ್ಕೆ ಸೇರಿಸಿದ ತಂಡಗಳಲ್ಲಿ ಮಂಡಿ ಮತ್ತು ಹರಡಿನ ಪೆಟ್ಟುಗಳು ಹತ್ತಿರಹತ್ತಿರ ಅರ್ಧಕ್ಕಿಳಿದವು. ಪೆಟ್ಟಾದ ಮೇಲೆ ಸವೆತ ತಡೆಯಲೆಂದು ಒಪ್ಪಿಗೆ ಪಡೆದ ಔಷಧ ಮಾತ್ರ ಇಲ್ಲಿಯವರೆಗೆ ಒಂದೂ ಇಲ್ಲ.